ಮೌಸ್ ಯಾರ ಕೈಯಲ್ಲಿ?

ನಮ್ಮ ಪ್ರೌಢಶಾಲೆಯ ಕಂಪ್ಯೂಟರ್ ಕೋಣೆಗೆ ನಾನು ಮೊದಲು ಕಾಲಿಟ್ಟದ್ದು ಪೂಜೆಗೆ. ದಸರಾ ರಜೆಗೆ ಒಂದು ದಿನ ಮುಂಚೆ ಶಾಲೆಯಲ್ಲಿ ಆಯುಧಪೂಜೆ. ಹತ್ತು ಕಂಪ್ಯೂಟರುಗಳಿಗೂ ಅರಿಶಿನ, ಕುಂಕುಮ, ತಲೆಯ ಮೇಲೆ ಒಂದೊಂದು ಚೆಂಡುಹೂವು. ಹೆಣ್ಣುಮಕ್ಕಳು ಬೆಳಗ್ಗೆಯೇ ಬಂದು ನೆಲ ಒರೆಸಿ ರಂಗೋಲಿ ಬಿಟ್ಟಿದ್ದರು. ಚಪ್ಪಲಿ ಹೊರಗೆ. ಮಂಗಳಾರತಿ ಆಯಿತು, ಮಂಡಕ್ಕಿ ಹಂಚಿದ್ದಾಯಿತು, ಯಂತ್ರಗಳಿಗೆ ಮತ್ತೆ ಪ್ಲಾಸ್ಟಿಕ್ ಹೊದಿಕೆ ಹೊದಿಸಿ ಮುಖ್ಯೋಪಾಧ್ಯಾಯರು ಬೀಗ ಹಾಕಿದರು. ಕೀಲಿಕೈ ಅವರ ಬೀರು ಸೇರಿತು. ಅದು 2008. ಒಂಬತ್ತು ವರ್ಷ ಪ್ರಾಥಮಿಕ ಶಾಲೆಯಲ್ಲಿದ್ದು, ಬಡ್ತಿ ಸಿಕ್ಕಿ, ಗಣಿತ ಶಿಕ್ಷಕಿಯಾಗಿ ಚಳ್ಳಕೆರೆ ತಾಲ್ಲೂಕಿನ ಆ ಊರಿಗೆ ಬಂದು ನನಗೆ ಮೂರು ತಿಂಗಳಾಗಿತ್ತು. ಮುಂದಿನ ಎರಡು ವರ್ಷದಲ್ಲಿ ಆ ಕೋಣೆಯೊಳಗೆ ನಾನು ಹೋದದ್ದು ಇನ್ನೆರಡು ಸಲ. ಎರಡೂ ಸಲ ಪೂಜೆಗೇ.

ಮುಖ್ಯೋಪಾಧ್ಯಾಯರದು ತಪ್ಪು ಎಂದು ನನಗೆ ಆಗಲೂ ಅನಿಸಲಿಲ್ಲ. ದಾಸ್ತಾನು ವಹಿಯಲ್ಲಿ ಆ ಹತ್ತು ಯಂತ್ರಗಳ ಎದುರು ಇದ್ದದ್ದು ಅವರ ಸಹಿ. ಒಂದು ಮೌಸ್ ಕಳೆದರೂ ಆಡಿಟ್‌ನಲ್ಲಿ ಉತ್ತರ ಕೊಡಬೇಕಾದವರು ಅವರು. ಮಕ್ಕಳು ಮುಟ್ಟಿ ಕೆಟ್ಟರೆ ನೂರು ಪ್ರಶ್ನೆ ಏಳುತ್ತವೆ. ಯಾರೂ ಮುಟ್ಟದೆ ಕೂತಲ್ಲೇ ಹಾಳಾದರೆ ಕೇಳುವವರಿಲ್ಲ. ಕಾಲು ಶತಮಾನ ಸರ್ಕಾರಿ ಶಾಲೆಯೊಳಗಿದ್ದು ನೋಡಿದ ಮೇಲೆ, ಶಾಲೆಗೆ ಹೊಸ ಯಂತ್ರವೊಂದು ಬಂತೆಂದು ಕೇಳಿದಾಗಲೆಲ್ಲ ನನಗೆ ಮೊದಲು ನೆನಪಾಗುವುದು ಆ ದಾಸ್ತಾನು ವಹಿ. ಬಂದದ್ದು ಸರಿ, ಯಾರ ಕೈಗೆ ಬಂತು?

ಕಂಪ್ಯೂಟರಿಗಿಂತ ಮುಂಚೆ ನಮಗೆ ಬಂದದ್ದು ರೇಡಿಯೊ. ಪ್ರಾಥಮಿಕ ಶಾಲೆಯಲ್ಲಿದ್ದಾಗ ಆಕಾಶವಾಣಿಯ ‘ಚುಕ್ಕಿ ಚಿನ್ನ’, ‘ಕೇಳಿ ಕಲಿ’ ಪಾಠಗಳನ್ನು ಮಕ್ಕಳಿಗೆ ಕೇಳಿಸುತ್ತಿದ್ದೆವು. ರೇಡಿಯೊ ಪ್ರಶ್ನೆ ಕೇಳಿ ಒಂದು ಕ್ಷಣ ಸುಮ್ಮನಾಗುತ್ತಿತ್ತು. ಮಕ್ಕಳು ಕೂಗಿ ಉತ್ತರ ಹೇಳುತ್ತಿದ್ದರು. ಮಳೆಗಾಲದಲ್ಲಿ ಗರಗರ ಸದ್ದು ಬಿಟ್ಟರೆ ಏನೂ ಕೇಳುತ್ತಿರಲಿಲ್ಲ, ನಿಜ. ಆದರೂ ಆ ಮಾಧ್ಯಮದ ಮೇಲೆ ನನಗೆ ಇವತ್ತಿಗೂ ಗೌರವ. ಅದಕ್ಕೆ ಬೇಕಾದದ್ದು ನಾಲ್ಕು ಸೆಲ್ಲು. ರಿಪೇರಿಗೆ ತಾಲ್ಲೂಕು ಕೇಂದ್ರಕ್ಕೆ ಓಡಬೇಕಿರಲಿಲ್ಲ. ಮುಂದೆ ಏನು ಬರುತ್ತದೆಂದು ಶಿಕ್ಷಕಿಗೆ ಮೊದಲೇ ಗೊತ್ತಿರುತ್ತಿತ್ತು, ತಯಾರಿ ಮಾಡಿಕೊಂಡು ಕೂರುತ್ತಿದ್ದಳು.

2004ರ ಸೆಪ್ಟೆಂಬರ್ 20ರಂದು ಶ್ರೀಹರಿಕೋಟಾದಿಂದ ಎಜುಸ್ಯಾಟ್ ಉಪಗ್ರಹ ಹಾರಿತು. ಶಿಕ್ಷಣಕ್ಕೆಂದೇ ಇಸ್ರೋ ಹಾರಿಸಿದ ಉಪಗ್ರಹ ಅದು. ನಮ್ಮ ರಾಜ್ಯದಲ್ಲಿ ಅದರ ಪಾಠ ಮೊದಲು ತಲುಪಿದ್ದು ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೆ. ನನ್ನ ಜೊತೆ ಶಿಕ್ಷಕ ತರಬೇತಿಯ ಟಿಸಿಎಚ್ ಓದಿದ ಗೆಳತಿ ಆಗ ಅಲ್ಲಿದ್ದಳು. ಶಾಲೆಯ ಮಾಳಿಗೆ ಮೇಲೆ ಡಿಶ್ ಕೂರಿಸಿದ ದಿನ ಊರಿಗೆ ಊರೇ ನೋಡಲು ಬಂದಿತ್ತಂತೆ. ಪ್ರೌಢಶಾಲೆಗಳಿಗಾದರೆ 2001-02ರಲ್ಲೇ ಮಾಹಿತಿ ಸಿಂಧು ಯೋಜನೆಯಡಿ ಸುಮಾರು ಸಾವಿರ ಕಡೆ ಕಂಪ್ಯೂಟರ್ ಕೋಣೆಗಳಾಗಿದ್ದವು. 2004ರ ಕೊನೆಗೆ ಕೇಂದ್ರ ಸರ್ಕಾರದ ಐಸಿಟಿ ಯೋಜನೆ ಬಂತು. ಇವುಗಳ ಏರ್ಪಾಡು ಹೆಚ್ಚುಕಡಿಮೆ ಒಂದೇ ಬಗೆ. ಖಾಸಗಿ ಸಂಸ್ಥೆಯೊಂದು ಯಂತ್ರ ತಂದು ಕೂರಿಸುತ್ತದೆ, ತನ್ನ ಕಡೆಯಿಂದ ಒಬ್ಬ ಬೋಧಕನನ್ನು ಕಳಿಸುತ್ತದೆ, ಗುತ್ತಿಗೆಯ ವರ್ಷಗಳು ಮುಗಿದ ಮೇಲೆ ಯಂತ್ರಗಳನ್ನು ಶಾಲೆಗೆ ಬಿಟ್ಟು ಹೊರಡುತ್ತದೆ.

ನಮ್ಮ ಶಾಲೆಗೂ ಒಬ್ಬ ಹುಡುಗ ಬಂದಿದ್ದ. ಒಳ್ಳೆಯ ಹುಡುಗ, ಕೊಡುತ್ತಿದ್ದ ಸಂಬಳ ಬಸ್ ಚಾರ್ಜಿಗೂ ಸಾಲುತ್ತಿರಲಿಲ್ಲ. ವಾರಕ್ಕೊಂದು ಅವಧಿ. ಕರೆಂಟು ಇದ್ದರೆ ಮಕ್ಕಳು ಪರದೆ ಮೇಲೆ ಬಣ್ಣದ ಮನೆ, ತೆಂಗಿನ ಮರ ಬಿಡಿಸುತ್ತಿದ್ದರು. ಇಲ್ಲದಿದ್ದರೆ ಸಿಪಿಯು, ಮಾನಿಟರ್, ಕೀಬೋರ್ಡ್ ಎಂಬ ಭಾಗಗಳ ಹೆಸರು ಬರೆದುಕೊಳ್ಳುತ್ತಿದ್ದರು. ನಾನು ಪಕ್ಕದ ಕೋಣೆಯಲ್ಲಿ ತ್ರಿಭುಜ ಕಲಿಸುತ್ತಿದ್ದೆ. ಅವನ ಪಾಠಕ್ಕೂ ನನ್ನ ಪಾಠಕ್ಕೂ ನಡುವೆ ಇದ್ದದ್ದು ಒಂದೇ ಗೋಡೆ. ಅವನಿದ್ದಷ್ಟು ದಿನವೂ ಆ ಗೋಡೆ ದಾಟಿ ಒಬ್ಬರು ಇನ್ನೊಬ್ಬರ ಹತ್ತಿರ ಹೋಗಲಿಲ್ಲ, ಹೋಗಿ ಎಂದು ಹೇಳಿದವರೂ ಇಲ್ಲ. ಗುತ್ತಿಗೆ ಮುಗಿಯಿತು, ಹುಡುಗ ಹೋದ. ಯುಪಿಎಸ್ ಬ್ಯಾಟರಿ ಒಂದೊಂದೇ ಸತ್ತವು. ಒಂದು ಮಳೆಗಾಲದಲ್ಲಿ ಇಲಿಗಳು ವೈರು ಕಡಿದವು.

ಇದು ನಮ್ಮೊಬ್ಬರ ಪಾಡಲ್ಲ ಎಂದು ಆಮೇಲೆ ತಿಳಿಯಿತು. ಯುನೆಸ್ಕೊ 2023ರಲ್ಲಿ ಶಿಕ್ಷಣದಲ್ಲಿ ತಂತ್ರಜ್ಞಾನದ ಬಗ್ಗೆಯೇ ಒಂದು ಜಾಗತಿಕ ವರದಿ ತಂದಿತು. ಪೆರು ದೇಶದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಲ್ಯಾಪ್‌ಟಾಪ್ ಹಂಚಿ, ಅವನ್ನು ಪಾಠದೊಳಗೆ ಸೇರಿಸದೆ ಬಿಟ್ಟದ್ದರಿಂದ ಮಕ್ಕಳ ಕಲಿಕೆ ಮುಂದೆ ಹೋಗಲಿಲ್ಲ ಎಂದು ಅದು ಬರೆಯಿತು. ಓದಿದಾಗ ನಮ್ಮ ಪಕ್ಕದ ಕೋಣೆಯ ಗೋಡೆ ಕಣ್ಣಮುಂದೆ ಬಂತು. ನಮ್ಮ ದೇಶದ 2023-24ರ ಶಾಲಾ ಮಾಹಿತಿ ಗಣತಿ ಯುಡೈಸ್ ಪ್ಲಸ್ ಲೆಕ್ಕದಲ್ಲಿ ನೂರಕ್ಕೆ 57 ಶಾಲೆಗಳಲ್ಲಿ ಕಂಪ್ಯೂಟರ್, 54ರಲ್ಲಿ ಇಂಟರ್‌ನೆಟ್ ಇದ್ದವು. ಈ ಲೆಕ್ಕ ಬೇಕೇ ಬೇಕು. ಗಣಿತದ ಪಾಠಕ್ಕೆ ಅವನ್ನು ಮುಟ್ಟಿದವರೆಷ್ಟು ಎಂಬುದು ಮಾತ್ರ ಅದರಲ್ಲಿ ಸಿಗುವುದಿಲ್ಲ.

ನನಗೆ ಗೋಡೆ ದಾಟಿಸಿದ್ದು ಒಂದು ತರಬೇತಿ. 2011ರ ಆಸುಪಾಸಿನಲ್ಲಿ ರಾಜ್ಯದ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ ಡಿಎಸ್‌ಇಆರ್‌ಟಿ, ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆಯ ಜೊತೆ ಸೇರಿ ವಿಷಯ ಶಿಕ್ಷಕರ ವೇದಿಕೆ ಎಂಬ ಕಾರ್ಯಕ್ರಮ ನಡೆಸಿತು. ಗಣಿತ, ವಿಜ್ಞಾನ, ಸಮಾಜ ವಿಜ್ಞಾನದ ಶಿಕ್ಷಕರನ್ನು ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯಾದ ಡಯಟ್‌ಗೆ ಕರೆಸಿ ಐದು ದಿನ ಕಂಪ್ಯೂಟರ್ ಮುಂದೆ ಕೂರಿಸುವುದು. ಚಿತ್ರದುರ್ಗಕ್ಕೆ ಹೋದ ಮೊದಲ ದಿನ ನನ್ನ ಪಕ್ಕ ಕೂತಿದ್ದವರು ನಿವೃತ್ತಿಗೆ ನಾಲ್ಕು ವರ್ಷ ಉಳಿದಿದ್ದ ಹಿರಿಯರು. ಮೌಸ್ ಹಿಡಿದ ಅವರ ಕೈ ನಡುಗುತ್ತಿತ್ತು. ಅದನ್ನು ಮೇಜಿನ ಅಂಚಿನವರೆಗೆ ಎಳೆದು, ‘ಮೇಡಂ, ಜಾಗ ಮುಗೀತಲ್ಲ, ಮುಂದೆ ಹೆಂಗೆ?’ ಎಂದರು. ಎತ್ತಿ ಹಿಂದಕ್ಕೆ ಇಟ್ಟರೆ ಬಾಣ ಇದ್ದಲ್ಲೇ ಇರುತ್ತದೆ ಎಂದು ತೋರಿಸಿದೆ. ನಾನೂ ಅದನ್ನು ಕಲಿತು ಅರ್ಧ ಗಂಟೆಯಾಗಿತ್ತು ಅಷ್ಟೆ. ನಮಗೆ ಅಲ್ಲಿ ಕೊಟ್ಟದ್ದೆಲ್ಲ ಸ್ವತಂತ್ರ ತಂತ್ರಾಂಶ. ಉಬುಂಟು ಎಂಬ ಕಾರ್ಯಾಚರಣಾ ವ್ಯವಸ್ಥೆ, ಅದರಲ್ಲಿ ಜಿಯೋಜೀಬ್ರಾ, ನಕ್ಷತ್ರಗಳನ್ನು ತೋರಿಸುವ ಸ್ಟೆಲೇರಿಯಂ. ದುಡ್ಡು ಕೊಡಬೇಕಿಲ್ಲ, ಪೆನ್‌ಡ್ರೈವ್‌ನಲ್ಲಿ ನಕಲು ಮಾಡಿಕೊಂಡು ಊರಿಗೆ ಒಯ್ದು ಹತ್ತು ಯಂತ್ರಕ್ಕೂ ಹಾಕಬಹುದು. ಕೀಲಿ ನನ್ನ ಕೈಗೂ ಬರಬಹುದು ಎಂದು ಮೊದಲ ಸಲ ಅನಿಸಿದ್ದು ಆವತ್ತು.

ಜಿಯೋಜೀಬ್ರಾ ಎಂಬುದು ಆಸ್ಟ್ರಿಯಾದ ಸಾಲ್ಜ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಮಾರ್ಕುಸ್ ಹೋಹೆನ್‌ವಾರ್ಟರ್ ಎಂಬ ವಿದ್ಯಾರ್ಥಿ 2001ರಲ್ಲಿ ಶುರುಮಾಡಿದ ಗಣಿತದ ತಂತ್ರಾಂಶ. ಬಿಂದು, ರೇಖೆ, ವೃತ್ತ ಎಲ್ಲವನ್ನೂ ಅದರಲ್ಲಿ ರಚಿಸಬಹುದು. ಅಷ್ಟಾದರೆ ದೊಡ್ಡ ಮಾತಲ್ಲ. ಕಪ್ಪುಹಲಗೆ ಮೇಲೂ ರಚಿಸುತ್ತೇವೆ. ಅದರ ಶಕ್ತಿ ಇರುವುದು ರಚಿಸಿದ ಮೇಲೆ ಎಳೆದಾಡುವುದರಲ್ಲಿ. ತ್ರಿಭುಜದ ಒಂದು ಶೃಂಗ ಹಿಡಿದು ಎಳೆದೆ. ಕೋನಗಳು ಬದಲಾಗುತ್ತ ಹೋದವು, ಮೊತ್ತ 180ರಲ್ಲೇ ನಿಂತಿತ್ತು. ಹನ್ನೆರಡು ವರ್ಷ ಬಾಯಿಪಾಠದ ಹಾಗೆ ಹೇಳಿಕೊಟ್ಟಿದ್ದ ಮಾತು ಕಣ್ಣೆದುರು ನಡೆಯುತ್ತಿತ್ತು. ನನ್ನ ಕಣ್ಣಲ್ಲಿ ನೀರು ಬಂದದ್ದನ್ನು ಪಕ್ಕದ ಹಿರಿಯರು ನೋಡಿದರು, ಏನೂ ಕೇಳಲಿಲ್ಲ.

ಒಂಬತ್ತನೇ ತರಗತಿಯ ವೃತ್ತಗಳ ಪಾಠವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಒಂದೇ ವೃತ್ತಖಂಡದಲ್ಲಿನ ಕೋನಗಳು ಸಮ ಎಂಬ ಪ್ರಮೇಯ. ವೃತ್ತದಲ್ಲಿ ಒಂದು ಜ್ಯಾ ಎಳೆದು, ಅದರ ಎರಡು ತುದಿಗಳನ್ನು ಪರಿಧಿಯ ಮೇಲಿನ ಒಂದು ಬಿಂದುವಿಗೆ ಸೇರಿಸಿದರೆ ಒಂದು ಕೋನ ಸಿಗುತ್ತದೆ. ಆ ಬಿಂದುವನ್ನು ಅದೇ ಕಂಸದ ಮೇಲೆ ಎಲ್ಲಿಟ್ಟರೂ ಕೋನ ಅಷ್ಟೇ. ಹಲಗೆ ಮೇಲೆ ಮರದ ಕೈವಾರ ಊರಿ ವೃತ್ತ ಬರೆದು, ಮರದ ಕೋನಮಾಪಕದಲ್ಲಿ ಅಳೆದು ತೋರಿಸಿದರೆ ಒಮ್ಮೆ 39 ಬರುತ್ತದೆ, ಒಮ್ಮೆ 41. ಸೀಮೆಸುಣ್ಣದ ಗೆರೆ ದಪ್ಪ ನೋಡಿ. ಮಕ್ಕಳು ನನ್ನ ಮಾತು ನಂಬುತ್ತಿದ್ದರು, ಗೆರೆಯನ್ನಲ್ಲ. ಇನ್ನೊಂದು ತೊಡಕು ದೊಡ್ಡದು. ಪ್ರಮೇಯ ಎಂದರೆ ಪಠ್ಯಪುಸ್ತಕದಲ್ಲಿ ಅಚ್ಚಾದ ಆ ಒಂದು ಚಿತ್ರದ ಮಾತು ಎಂದೇ ಬಹಳ ಮಕ್ಕಳು ತಿಳಿದಿರುತ್ತಾರೆ. ಚಿತ್ರವನ್ನು ತಲೆಕೆಳಗು ಮಾಡಿ ಕೊಟ್ಟರೆ ಗುರುತು ಹಿಡಿಯುವುದಿಲ್ಲ.

ತರಬೇತಿಯಿಂದ ಬಂದ ಮೇಲೆ, ಇನ್ನೂ ಕೆಲಸ ಮಾಡುತ್ತಿದ್ದ ಒಂದು ಯಂತ್ರವನ್ನು ಪ್ರೊಜೆಕ್ಟರಿಗೆ ಸೇರಿಸಿ, ಗೋಡೆಗೆ ಬಿಳಿ ಪಂಚೆ ಕಟ್ಟಿ, ಬಿಂದುವನ್ನು ಮೆಲ್ಲಗೆ ಎಳೆದೆ. 40 ಡಿಗ್ರಿ. ಇನ್ನಷ್ಟು ಎಳೆದೆ, 40. ಕಂಸದ ಉದ್ದಕ್ಕೂ 40. ತರಗತಿ ಮೌನವಾಯಿತು. ಹಿಂದಿನ ಬೆಂಚಿನ, ವರ್ಷವೆಲ್ಲ ಬಾಯಿ ಬಿಡದ ಹುಡುಗಿಯೊಬ್ಬಳು ‘ಮಿಸ್, ಆ ತುದಿ ದಾಟಿಸ್ರಿ’ ಅಂದಳು. ದಾಟಿಸಿದೆ. ಕೋನ ಥಟ್ಟನೆ 140ಕ್ಕೆ ಜಿಗಿಯಿತು. ಮಕ್ಕಳೆಲ್ಲ ನಕ್ಕರು, ಯಂತ್ರ ತಪ್ಪಿತು ಎಂದುಕೊಂಡರು. ಅವಳು ನಗಲಿಲ್ಲ. ‘ನಲವತ್ತು, ನೂರಾ ನಲವತ್ತು ಸೇರಿದ್ರೆ ನೂರಾ ಎಂಬತ್ತು ಆಗ್ತೈತೆ ಮಿಸ್. ಆ ಕಡೆಗೂ ಈ ಕಡೆಗೂ ಏನೋ ಸಂಬಂಧ ಐತೆ’ ಅಂದಳು.

ಚಕ್ರೀಯ ಚತುರ್ಭುಜದ ಎದುರು ಕೋನಗಳ ಮೊತ್ತ 180 ಡಿಗ್ರಿ ಎಂಬ ಪ್ರಮೇಯ ಪುಸ್ತಕದಲ್ಲಿ ಮುಂದೆ ಬರುತ್ತದೆ. ಅವಳು ಅದನ್ನು ಓದಿರಲಿಲ್ಲ, ತಾನೇ ಕಂಡುಕೊಂಡಿದ್ದಳು. ಆ ಹುಡುಗಿಯ ಮನೆಯಲ್ಲಿ ಆಗ ಕರೆಂಟಿರಲಿಲ್ಲ.

ಇನ್ನೊಂದು ದಿನ ಬೇರೊಂದು ಗುಂಪು ತ್ರಿಭುಜ ಎಳೆದಾಡುತ್ತಿತ್ತು. ಹುಡುಗನೊಬ್ಬ ಓಡಿ ಬಂದ: ‘ಮಿಸ್, ಕೂಡಿದ್ರೆ ನೂರಾ ಎಂಬತ್ತು ಪಾಯಿಂಟ್ ಸೊನ್ನೆ ಒಂದು ಬರ್ತೈತೆ.’ ಹೋಗಿ ನೋಡಿದರೆ ಪರದೆ ಮೇಲೆ 50.01, 60.01, 69.99. ಕೂಡಿದರೆ 180.01, ಸರಿಯೇ. ನನಗೆ ಎದೆ ಧಸಕ್ಕೆಂದಿತು. ಊಟದ ಬಿಡುವಿನಲ್ಲಿ ಕೂತು ಯೋಚಿಸಿದ ಮೇಲೆ ಗೊತ್ತಾಯಿತು: ಯಂತ್ರ ಒಳಗೆ ಉದ್ದದ ದಶಮಾಂಶ ಇಟ್ಟುಕೊಂಡು ನಮಗೆ ಎರಡೇ ಸ್ಥಾನ ತೋರಿಸುತ್ತದೆ. 50.006 ಎಂಬುದು 50.01 ಆಗಿ, 60.006 ಎಂಬುದು 60.01 ಆಗಿ, 69.988 ಎಂಬುದು 69.99 ಆಗಿ ಕಾಣುತ್ತದೆ. ದಶಮಾಂಶ ಸ್ಥಾನ ಹೆಚ್ಚಿಸಿ ತೋರಿಸಿದಾಗ ಹುಡುಗ ‘ಹಂಗಾದ್ರೆ ಕಂಪ್ಯೂಟರ್ ತೋರ್ಸೋದೆಲ್ಲ ಪೂರಾ ನಿಜ ಅಲ್ಲ’ ಎಂದ. ಅವತ್ತು ಸಂಜೆಯೇ ಎಲ್ಲರನ್ನೂ ಹಲಗೆ ಮುಂದೆ ಕೂರಿಸಿ, ಸಮಾಂತರ ರೇಖೆ ಎಳೆದು, ಪರ್ಯಾಯ ಕೋನಗಳನ್ನು ಗುರುತು ಮಾಡಿ, 180 ಯಾಕೆ ಎಂದು ಸಾಧಿಸಿದೆ. ನೂರು ತ್ರಿಭುಜ ಎಳೆದಾಡಿದರೂ ಅದು ಸಾಧನೆಯಾಗುವುದಿಲ್ಲ. ಆದರೆ ನೂರು ತ್ರಿಭುಜ ನೋಡಿ ಬಂದ ಮಗುವಿಗೆ ಸಾಧನೆಯ ಹಸಿವು ಇರುತ್ತದೆ. ಸೀಮೆಸುಣ್ಣವನ್ನು ನಾನು ಇವತ್ತಿಗೂ ಬಿಟ್ಟಿಲ್ಲ, ಬಿಡುವುದೂ ಇಲ್ಲ.

ಹತ್ತು ಯಂತ್ರಗಳಲ್ಲಿ ಏಳನ್ನು ಎಬ್ಬಿಸಿದೆವು. ತರಗತಿಯಲ್ಲಿ ಐವತ್ತೆರಡು ಮಕ್ಕಳು. ಒಂದು ಯಂತ್ರಕ್ಕೆ ಏಳೆಂಟು ಜನ. ಮೊದಲ ವಾರ ನಾನು ಗಮನಿಸಿದ್ದು ಒಂದೇ: ಎಲ್ಲ ಯಂತ್ರಗಳ ಮೌಸೂ ಗಂಡುಹುಡುಗರ ಕೈಯಲ್ಲಿ. ಹೆಣ್ಣುಮಕ್ಕಳು ಹಿಂದೆ ನಿಂತು, ಮುಂದಿನವರ ಭುಜದ ಮೇಲಿಂದ ಇಣುಕುತ್ತಿದ್ದರು. ಯಾರೂ ಅವರಿಗೆ ‘ನೀನು ಮುಟ್ಟಬೇಡ’ ಎಂದಿರಲಿಲ್ಲ. ಮನೆಯಲ್ಲಿ ಟಿವಿ ರಿಮೋಟು, ಅಪ್ಪನ ಫೋನು ಯಾರ ಕೈಗೆ ಹೋಗುತ್ತವೋ ಅದೇ ಅಭ್ಯಾಸ ಇಲ್ಲಿಗೂ ಬಂದಿತ್ತು. ಹಳ್ಳಿ ಮಕ್ಕಳ ಕಲಿಕೆಯನ್ನು ಸಮೀಕ್ಷಿಸುವ 2024ರ ಅಸರ್ ವರದಿಯಲ್ಲೂ ಇದೇ ಕಾಣುತ್ತದೆ. ಹಳ್ಳಿಗಳ 14ರಿಂದ 16 ವರ್ಷದ, ಸ್ಮಾರ್ಟ್‌ಫೋನ್ ಬಳಸಬಲ್ಲ ಮಕ್ಕಳಲ್ಲಿ ಸ್ವಂತ ಫೋನ್ ಇರುವ ಹುಡುಗರು ನೂರಕ್ಕೆ 36, ಹುಡುಗಿಯರು 27.

ಹಾಗಾಗಿ ಒಂದು ನಿಯಮ ಮಾಡಿದೆ. ಮೌಸ್ ಹಿಡಿದವರು ಮಾತಾಡುವಂತಿಲ್ಲ. ಹೇಳುವವರು ಮೌಸ್ ಮುಟ್ಟುವಂತಿಲ್ಲ. ಒಬ್ಬಳು ‘ಬಿಂದು ಎ ಇಂದ ಬಿ ಗೆ ರೇಖಾಖಂಡ ಎಳಿ, ಅದಕ್ಕೆ ಲಂಬಾರ್ಧಕ ಹಾಕು’ ಎಂದು ಹೇಳಬೇಕು. ಇನ್ನೊಬ್ಬ ಹೇಳಿದಷ್ಟೇ ಮಾಡಬೇಕು. ಉಳಿದವರು ಪುಸ್ತಕದಲ್ಲಿ ಚಿತ್ರ ಬರೆಯುತ್ತ ತಾಳೆ ನೋಡಬೇಕು. ಆರು ನಿಮಿಷಕ್ಕೆ ಒಂದು ಸಲ ಜಾಗ ಬದಲು. ಮೌಸ್ ಎಲ್ಲರ ಕೈಗೂ ಹೋಗಲಿ ಎಂದಷ್ಟೇ ಇದನ್ನು ಶುರುಮಾಡಿದ್ದೆ. ಆದರೆ ಹೇಳಿ ಮಾಡಿಸಲು ಹೊರಟಾಗ ಗಣಿತದ ಭಾಷೆ ಮಕ್ಕಳ ಬಾಯಿಗೆ ಬಂತು. ‘ಆ ಗೆರೆ, ಈ ಗೆರೆ’ ಎಂದರೆ ಎದುರಿನವನಿಗೆ ತಿಳಿಯುವುದಿಲ್ಲ. ತ್ರಿಜ್ಯ ಎನ್ನಬೇಕು, ಜ್ಯಾ ಎನ್ನಬೇಕು, ಸ್ಪರ್ಶಕ ಎನ್ನಬೇಕು. ಹಳ್ಳಿ ಮಕ್ಕಳಿಗೆ ಪಾರಿಭಾಷಿಕ ಪದ ಕಷ್ಟ ಎನ್ನುವವರಿಗೆ ನಾನು ಈ ಕೋಣೆ ತೋರಿಸಬೇಕು ಅನಿಸುತ್ತದೆ.

ಕನ್ನಡದ ವಿಷಯಕ್ಕೆ ಬಂದರೆ ನನ್ನ ಕಷ್ಟ ಬೇರೆಯೇ ಇತ್ತು. ವರ್ಷಗಟ್ಟಲೆ ಪ್ರಶ್ನೆಪತ್ರಿಕೆ, ಟಿಪ್ಪಣಿಗಳನ್ನೆಲ್ಲ ನಾನು ನುಡಿ ತಂತ್ರಾಂಶದ ಹಳೆಯ ಅಕ್ಷರಗಳಲ್ಲಿ ಬೆರಳಚ್ಚು ಮಾಡಿಸಿಟ್ಟಿದ್ದೆ. ಉಬುಂಟುವಿನಲ್ಲಿ ತೆರೆದರೆ ಒಂದಕ್ಷರ ಕನ್ನಡವಿಲ್ಲ, ಚುಕ್ಕಿ ಕೊಂಬು ಸೇರಿದ ವಿಚಿತ್ರ ರೋಮನ್ ಗುರುತುಗಳು. ಹಳೆಯ ಪದ್ಧತಿಯಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ಆಕಾರ ಕೂರಿಸಿರುತ್ತಿದ್ದರು. ಆ ಫಾಂಟ್ ಇಲ್ಲದ ಯಂತ್ರಕ್ಕೆ ಅದು ಕನ್ನಡವೆಂದೇ ಗೊತ್ತಾಗುವುದಿಲ್ಲ. ಯುನಿಕೋಡ್‌ನಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ತನ್ನದೇ ಸಂಖ್ಯೆ ಇದೆ, ಯಾವ ಯಂತ್ರದಲ್ಲಾದರೂ ಅದು ಕನ್ನಡವೇ. ಪರಿವರ್ತಕದಲ್ಲಿ ಹಾಕಿ, ಉಳಿದ ತಪ್ಪು ಕೈಯಲ್ಲೇ ತಿದ್ದಿ, ಒಂದು ಬೇಸಿಗೆ ರಜೆಯೆಲ್ಲ ಅದಕ್ಕೇ ಹೋಯಿತು. ಆಮೇಲೆ ಮಕ್ಕಳಿಗೂ ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸದಲ್ಲೇ ಬೆರಳಚ್ಚು ಕಲಿಸಿದೆ. ಅಲ್ಪಪ್ರಾಣಕ್ಕೆ ಸುಮ್ಮನೆ ಒತ್ತು, ಮಹಾಪ್ರಾಣಕ್ಕೆ ಶಿಫ್ಟ್ ಹಿಡಿದು ಒತ್ತು, ಒತ್ತಕ್ಷರ ಬೇಕಾದರೆ ನಡುವೆ ಎಫ್. ‘ಮಹಾಪ್ರಾಣಕ್ಕೆ ಎರಡು ಕೈ ಬೇಕು’ ಎಂದು ಒಬ್ಬಳು ಸಾರಿದಳು. ಭಾಷೆಯ ಮೇಷ್ಟ್ರು ಎಷ್ಟೋ ವರ್ಷ ತಿದ್ದಿದರೂ ಸರಿಹೋಗದ ‘ಬಾರತ’ ಆ ವರ್ಷ ಹಲವರ ನೋಟುಪುಸ್ತಕದಲ್ಲಿ ‘ಭಾರತ’ ಆಯಿತು.

2020ರ ಮಾರ್ಚ್‌ನಲ್ಲಿ ಶಾಲೆ ಮುಚ್ಚಿತು. ಜುಲೈನಿಂದ ಚಂದನ ವಾಹಿನಿಯಲ್ಲಿ ಸಂವೇದ ಪಾಠಗಳು ಶುರುವಾದವು, ಆಗಸ್ಟ್‌ನಲ್ಲಿ ಮಕ್ಕಳಿದ್ದಲ್ಲಿಗೇ ಶಿಕ್ಷಕರು ಹೋಗಿ ಕಲಿಸುವ ವಿದ್ಯಾಗಮ ಬಂತು. ಎಲ್ಲೆಡೆ ಆನ್‌ಲೈನ್ ತರಗತಿಯ ಮಾತು. ನನ್ನ ಮಕ್ಕಳಲ್ಲಿ ಅರ್ಧದಷ್ಟು ಕುರಿಗಾಹಿಗಳ ಮನೆಯವರು. ಮನೆಗೊಂದೇ ಫೋನು, ಅದು ಅಪ್ಪನ ಅಂಗಿ ಜೇಬಿನಲ್ಲಿ. ಅಪ್ಪ ಹಿಂಡಿನ ಜೊತೆ ದಾವಣಗೆರೆ ಕಡೆಯ ಭದ್ರಾ ನಾಲೆಯ ಗದ್ದೆಗಳಲ್ಲಿ, ಮಂದೆ ಹಾಕಿಕೊಂಡು. ನಾನು ಕಳಿಸಿದ ಪಾಠ ಆ ಜೇಬಿಗೆ ಹೋಗಿ ಬೀಳುತ್ತಿತ್ತು. ಒಬ್ಬ ತಂದೆ ರಾತ್ರಿ ಫೋನ್ ಮಾಡಿ, ‘ಟೀಚರಮ್ಮ, ನೀವು ಕಳ್ಸಿದ್ದು ನನಗೆ ತಿಳಿಯಾಕಿಲ್ಲ, ಆದ್ರೂ ಅಳಿಸಿಲ್ಲ, ಊರಿಗೆ ಹೋದಾಗ ಮಗಳಿಗೆ ತೋರಿಸ್ತೀನಿ’ ಎಂದರು. ಆ ಮಾತನ್ನು ನಾನು ಮರೆಯಲಾರೆ.

ಹಟ್ಟಿಯ ಅಜ್ಜಿಯೊಬ್ಬರ ಬಳಿ ಗುಂಡಿ ಒತ್ತುವ ಹಳೆಯ ಫೋನಿತ್ತು. ಸಂಜೆ ಆರಕ್ಕೆ ಅದಕ್ಕೆ ಕರೆ ಮಾಡುತ್ತಿದ್ದೆ. ಅಜ್ಜಿ ಸ್ಪೀಕರ್ ಹಾಕಿ ಜಗಲಿ ಮೇಲಿಡುತ್ತಿದ್ದರು, ಸುತ್ತ ಐದು ಮಕ್ಕಳು. ಚಿತ್ರವಿಲ್ಲ, ಪರದೆಯಿಲ್ಲ, ಬರೀ ಮಾತು. ‘ಪುಸ್ತಕದ ಎಡಗಡೆ ಪುಟ ನೋಡಿ, ಎರಡನೇ ಲೆಕ್ಕ’ ಎನ್ನುತ್ತಿದ್ದೆ. ಹೇಳಿ ಮಾಡಿಸುವ ನಮ್ಮ ಹಳೆಯ ನಿಯಮ ಅಲ್ಲಿ ಕೆಲಸಕ್ಕೆ ಬಂತು. ಆ ಮಕ್ಕಳು ಕಣ್ಣು ಕಾಣದವಳಿಗೆ ಹೇಳುವ ಹಾಗೆ ತಮ್ಮ ಲೆಕ್ಕವನ್ನು ನನಗೆ ಹೇಳಬಲ್ಲವರಾಗಿದ್ದರು. ಎರಡು ದಶಕದ ಹಿಂದಿನ ರೇಡಿಯೊ ಪಾಠ ನೆನಪಾಗುತ್ತಿತ್ತು, ಈಗ ಅದಕ್ಕೆ ಮರುಮಾತು ಬಂದಿತ್ತು. ಆದರೂ ಯಾವ ಭ್ರಮೆಯೂ ಬೇಡ. ಆ ಒಂದೂವರೆ ವರ್ಷದಲ್ಲಿ ಮೂವರು ಹುಡುಗಿಯರಿಗೆ ಮದುವೆಯಾಯಿತು, ನಾಲ್ವರು ಹುಡುಗರು ಬೆಂಗಳೂರಿಗೆ ಕೆಲಸಕ್ಕೆ ಹೋದರು. ಯಾವ ಫೋನೂ ಅವರನ್ನು ತರಗತಿಗೆ ಮರಳಿ ತರಲಿಲ್ಲ. ಮನೆಮನೆಗೆ ನಡೆದು ಹೋದಾಗ ಇಬ್ಬರು ಬಂದರು.

ಈಗ ಪಠ್ಯಪುಸ್ತಕದ ಪಾಠಗಳಲ್ಲಿ ಕ್ಯೂಆರ್ ಕೋಡ್ ಇದೆ. ಫೋನ್ ಹಿಡಿದರೆ 2017ರಲ್ಲಿ ಶುರುವಾದ ದೀಕ್ಷಾ ವೇದಿಕೆಯ ವಿಡಿಯೊ, ಅಭ್ಯಾಸಗಳು ತೆರೆದುಕೊಳ್ಳುತ್ತವೆ. ಶಾಲೆಯಲ್ಲಿ ನೆಟ್‌ವರ್ಕ್ ಹಿಡಿಯುವುದು ಧ್ವಜಕಂಬದ ಹತ್ತಿರ ಮಾತ್ರ. ಹಾಗಾಗಿ ನಾನು ಮನೆಯಲ್ಲೇ ಇಳಿಸಿಕೊಂಡು ಪೆನ್‌ಡ್ರೈವ್‌ನಲ್ಲಿ ಒಯ್ಯುತ್ತೇನೆ. ಸ್ಮಾರ್ಟ್ ಬೋರ್ಡ್ ಕೂಡ ಬಂದಿದೆ. ಅದರ ಬಗ್ಗೆ ನನ್ನ ಅಭಿಪ್ರಾಯ ಖಡಕ್ಕಾಗಿಯೇ ಇದೆ. ನಲವತ್ತು ನಿಮಿಷ ವಿಡಿಯೊ ಹಚ್ಚಿ ಮೂಲೆಯಲ್ಲಿ ಕೂತರೆ ಮಕ್ಕಳು ಸಿನಿಮಾ ನೋಡಿದ ಹಾಗೆ ನೋಡುತ್ತಾರೆ. ಎರಡು ನಿಮಿಷ ತೋರಿಸಿ, ನಿಲ್ಲಿಸಿ, ‘ಮುಂದೇನಾಗುತ್ತೆ?’ ಎಂದು ಕೇಳಿ, ಐದು ನಿಮಿಷ ಜಗಳವಾಡಲು ಬಿಟ್ಟು, ಆಮೇಲೆ ಮುಂದಕ್ಕೆ ಬಿಟ್ಟರೆ ಅದು ಪಾಠ. ವಿಜ್ಞಾನದ ಸಹೋದ್ಯೋಗಿ ಕೊಲೊರಾಡೊ ವಿಶ್ವವಿದ್ಯಾಲಯದ ಫೆಟ್ ಪ್ರಯೋಗಗಳನ್ನು ಬಳಸುತ್ತಾರೆ, ಕೆಲವು ಕನ್ನಡದಲ್ಲೇ ಇವೆ. ಬಲ್ಬು, ತಂತಿ, ಸೆಲ್ಲುಗಳನ್ನು ಪರದೆ ಮೇಲೆ ಜೋಡಿಸಿದ ಮೇಲೆ ಅವರು ನಿಜವಾದ ಸೆಲ್ಲು, ಬಲ್ಬು ಕೈಗೆ ಕೊಟ್ಟೇ ಕೊಡುತ್ತಾರೆ.

ನಮ್ಮ ಪಾಲಿಗೆ ಹೆಚ್ಚು ಹೊತ್ತು ತಿನ್ನುವ ತಂತ್ರಜ್ಞಾನ ಬೇರೆ ಇದೆ. ಹಾಜರಾತಿ, ಬಿಸಿಯೂಟ, ಹಾಲು, ಮೊಟ್ಟೆ, ವಿದ್ಯಾರ್ಥಿವೇತನ, ಅಂಕ, ಎಲ್ಲವನ್ನೂ ಆನ್‌ಲೈನ್ ತುಂಬಬೇಕು. ನೆಟ್‌ವರ್ಕ್‌ಗಾಗಿ ಧ್ವಜಕಂಬದ ಹತ್ತಿರ ನಿಂತು ಒಟಿಪಿಗೆ ಕಾಯುವ ಸಹೋದ್ಯೋಗಿಯನ್ನು ನೋಡಿದಾಗ, ಆಚೆ ತರಗತಿಯಲ್ಲಿ ಶಿಕ್ಷಕರಿಲ್ಲದೆ ಕೂತ ಮಕ್ಕಳನ್ನು ನೋಡಿದಾಗ, ಸಿಟ್ಟು ಬರುತ್ತದೆ. ಮಾಹಿತಿ ಬೇಡವೆನ್ನುವುದಿಲ್ಲ. ಈ ಕೆಲಸಕ್ಕೆ ಪ್ರತಿ ಶಾಲೆಗೊಬ್ಬ ಗುಮಾಸ್ತ ಬೇಕು. ಅಷ್ಟೇ ಕೇಳುವುದು.

ಯಂತ್ರಗಳನ್ನು ನೋಡಿಕೊಳ್ಳುವವರು ಯಾರು? ಕೇರಳದಲ್ಲಿ ಈ ಪ್ರಶ್ನೆಗೆ ಉತ್ತರ ಸಿಕ್ಕಿದೆ. ಅಲ್ಲಿ 2001ರಿಂದಲೂ ಸರ್ಕಾರವೇ ಈ ಕೆಲಸ ನಡೆಸಿಕೊಂಡು ಬಂದು, 2017ರಲ್ಲಿ ಕೈಟ್ ಎಂಬ ತನ್ನದೇ ಸಂಸ್ಥೆ ಕಟ್ಟಿತು. ಸ್ವತಂತ್ರ ತಂತ್ರಾಂಶ, ತಮ್ಮದೇ ಶಿಕ್ಷಕರಿಂದ ತರಬೇತಿ, 45,000 ತರಗತಿಗಳಿಗೆ ಹೈಟೆಕ್ ಸೌಲಭ್ಯ. 2018ರಲ್ಲಿ ಪ್ರೌಢಶಾಲೆಗಳಲ್ಲಿ ಲಿಟ್ಲ್ ಕೈಟ್ಸ್ ಎಂಬ ಮಕ್ಕಳ ಕೂಟಗಳಾದವು. ಯಂತ್ರ ನೋಡಿಕೊಳ್ಳುವುದು, ಇತರರಿಗೆ ಕಲಿಸುವುದು ಆ ಮಕ್ಕಳದೇ ಜವಾಬ್ದಾರಿ. ಅದನ್ನು ಓದಿ ನಮ್ಮಲ್ಲೂ ಎಂಟು ಮಕ್ಕಳನ್ನು ಸೇರಿಸಿದೆ. ರ‍್ಯಾಮ್ ತೆಗೆದು ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸುವುದು ಅವರಿಗೆ ಈಗ ನೀರು ಕುಡಿದಷ್ಟು ಸಲೀಸು. ಇಲಿಗೆ ಬೋನೂ ಅವರೇ ಇಡುತ್ತಾರೆ. ಹೊಸ ಮುಖ್ಯೋಪಾಧ್ಯಾಯಿನಿ ಕೀಲಿಕೈಯನ್ನು ಬೀರುವಿನಿಂದ ತೆಗೆದು ಆ ಮಕ್ಕಳ ಕೈಗೇ ಕೊಟ್ಟಿದ್ದಾರೆ. ಮೂರು ವರ್ಷದಲ್ಲಿ ಒಂದು ಮೌಸೂ ಕಳೆದಿಲ್ಲ.

ಕೃತಕ ಬುದ್ಧಿಮತ್ತೆಯ ಬಗ್ಗೆ ಎಲ್ಲರೂ ಕೇಳುತ್ತಾರೆ. ಕಳೆದ ವರ್ಷ ಹುಡುಗನೊಬ್ಬ ಅಣ್ಣನ ಫೋನಿನಲ್ಲಿ ಕೇಳಿ ಒಂದು ಪ್ರಮೇಯದ ಸಾಧನೆಯನ್ನು ಬರೆದು ತಂದ. ನೀಟಾಗಿತ್ತು. ಅದರಲ್ಲಿ ತ್ರಿಜ್ಯದ ಬದಲು ‘ಅರ್ಧವ್ಯಾಸ’ ಎಂದಿತ್ತು. ‘ಇದೇನು?’ ಎಂದೆ. ಸುಮ್ಮನೆ ನಿಂತ. ಗದರಲಿಲ್ಲ. ‘ನೀನು ಮೌಸ್ ಹಿಡಿ, ಅದು ಬರೆದದ್ದನ್ನು ಇವಳು ಓದಿ ಹೇಳಲಿ, ಹೇಳಿದ ಹಾಗೆ ರಚಿಸು’ ಎಂದೆ. ಮೂರನೇ ಹೆಜ್ಜೆಯಲ್ಲಿ ನಿಂತುಹೋಯಿತು. ಆ ಉತ್ತರದಲ್ಲಿ ಒಂದು ಹೆಜ್ಜೆಯೇ ಇರಲಿಲ್ಲ. ಅದನ್ನು ಅವರಿಬ್ಬರೇ ಹುಡುಕಿ ತುಂಬಿದರು.

ಕೊನೆಗೆ ಈ ವರ್ಷದ ಒಂದು ಪಾಠ ಹೇಳುತ್ತೇನೆ. ನಮ್ಮ ಕಡೆ ಹಳ್ಳಿಗೆ ಕಂಪ್ಯೂಟರ್ ಎಂದರೆ ಮೊದಲು ಗೊತ್ತಾದದ್ದು ಪಹಣಿಯಿಂದ. ಭೂಮಿ ಯೋಜನೆಯಲ್ಲಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದಾಗ ಈ ಮಕ್ಕಳು ಹುಟ್ಟಿಯೇ ಇರಲಿಲ್ಲ. ಆದರೆ ಪ್ರತಿ ಮನೆಯ ಟ್ರಂಕಿನಲ್ಲೂ ಆ ಕಾಗದ ಇದೆ. ಒಂಬತ್ತನೇ ತರಗತಿಯಲ್ಲಿ ಹೆರಾನ್ ಸೂತ್ರದ ಪಾಠವಿದೆ: ಮೂರು ಬಾಹುಗಳ ಉದ್ದ ಗೊತ್ತಿದ್ದರೆ ಸಾಕು, ಎತ್ತರ ಬೇಡ, ತ್ರಿಭುಜದ ವಿಸ್ತೀರ್ಣ ಸಿಗುತ್ತದೆ. ಕುರಿಗಾಹಿಯೊಬ್ಬರ ಮಗಳು ತಮ್ಮ ಹೊಲ ಅಳೆಯೋಣ ಎಂದಳು. ನೈಲಾನ್ ಹಗ್ಗ, ಟೇಪು ಹಿಡಿದು ಭಾನುವಾರ ಹನ್ನೊಂದು ಮಕ್ಕಳು ಹೊರಟರು, ನಾನೂ ಜೊತೆಗೆ. ಶೇಂಗಾ ಕಿತ್ತು ಹೊಲ ಬರಿದಾಗಿತ್ತು. ನಾಲ್ಕು ಬದುಗಳು 70, 80, 60, 70 ಮೀಟರ್, ಕರ್ಣ 90. ಎರಡು ತ್ರಿಭುಜ. ಒಂದು 2,683 ಚದರ ಮೀಟರ್, ಇನ್ನೊಂದು 2,098. ಕೂಡಿದರೆ 4,781. ಗುಂಟೆಗೆ 101.17 ಚದರ ಮೀಟರಿನಂತೆ, 1 ಎಕರೆ ಏಳೂಕಾಲು ಗುಂಟೆ.

ಸೋಮವಾರ ಅದೇ ಹೊಲದ ಉಪಗ್ರಹ ಚಿತ್ರವನ್ನು ಜಿಯೋಜೀಬ್ರಾಕ್ಕೆ ತಂದು, ಬದುಗುಂಟ ಬಿಂದುಗಳನ್ನಿಟ್ಟು ಬಹುಭುಜ ಮಾಡಿದರು. 1 ಎಕರೆ 8 ಗುಂಟೆ ಬಂತು. ಪಹಣಿಯಲ್ಲಿ 1 ಎಕರೆ 9 ಗುಂಟೆ. ಮೂರು ಉತ್ತರ. ಯಾವುದು ಸರಿ ಎಂದು ಎರಡು ಅವಧಿ ವಾದವಾಯಿತು. ಹಗ್ಗ ಜೋಲಿತ್ತು ಎಂದರು ಕೆಲವರು, ಚಿತ್ರದಲ್ಲಿ ಬದು ಎಲ್ಲಿ ಮುಗಿಯುತ್ತದೆಂದು ಕಾಣುವುದಿಲ್ಲ ಎಂದರು ಇನ್ನು ಕೆಲವರು. ಹುಡುಗಿ ನನ್ನ ಫೋನ್ ಇಸಿದುಕೊಂಡು ಹಿಂಡಿನ ಜೊತೆಗಿದ್ದ ಅಪ್ಪನಿಗೆ ಕರೆ ಮಾಡಿ ಸ್ಪೀಕರ್ ಹಾಕಿದಳು. ಲೆಕ್ಕವನ್ನೆಲ್ಲ ಕೇಳಿಸಿಕೊಂಡ ಅವರು, ಹಿಂದೆ ಕುರಿಗಳ ಸದ್ದಿನ ನಡುವೆ, ‘ಮೂಡಲ ಬದಿನ ಬಂಡಿ ದಾರಿ ಸೇರ್ಸಿ ಅಳದ್ರೋ, ಬಿಟ್ಟು ಅಳದ್ರೋ?’ ಎಂದರು.

ಯಾರೂ ಅದನ್ನು ಯೋಚಿಸಿರಲಿಲ್ಲ. ಮುಂದಿನ ಭಾನುವಾರ ಮತ್ತೆ ಹಗ್ಗ ಹೊರಟಿತು. ದಾರಿಯ ಉದ್ದ 80 ಮೀಟರ್, ಅಗಲ 2 ಮೀಟರ್ 20 ಸೆಂಟಿಮೀಟರ್. ಹುಡುಗಿ ಹೊಲದಲ್ಲೇ ಕುಕ್ಕರಗಾಲಲ್ಲಿ ಕೂತು, ಮಣ್ಣಿನ ಮೇಲೆ ಕಡ್ಡಿಯಿಂದ ಗುಣಿಸತೊಡಗಿದಳು.